ಮೆಣಸಿನಕಾಯಿ ಗೋದಾಮಿನ ಹಾಡು

ನಾನು ನಿಂತಿದ್ದದ್ದು ಶಿವಲಿಂಗಪ್ಪ ಕಾಕಾ ಅವರ ಮೆಣಸಿನಕಾಯಿ ಗೋದಾಮಿನ ಒಳಗೆ, ರಸ್ತೆ ಕಡೆಯ ಶಟರಿನಿಂದ ಎರಡನೆಯ ಕಬ್ಬಿಣದ ಕಂಬಕ್ಕೆ ಎಡಹೆಗಲು ತಾಗಿಸಿ. ಊರು ಗುಡಗೇರಿ, ಕುಂದಗೋಳ ತಾಲ್ಲೂಕು. ಮೂರು ವರ್ಷದ ಹಿಂದಿನ ಮಾರ್ಚ್ ತಿಂಗಳ ಮೊದಲ ರವಿವಾರ. ಹುಬ್ಬಳ್ಳಿ ಕಡೆಗೆ ಹೋಗುವ ಸಂಜೆಯ ಪ್ಯಾಸೆಂಜರ್ ದಾಟಿ ಸ್ವಲ್ಪ ಹೊತ್ತಾಗಿತ್ತು. ಬಿಸಿಲು ಇನ್ನೂ ಇತ್ತು. ಗೋಡೆಯ ಮೇಲಿನ ಜಾಲರಿ ಕಿಂಡಿಗಳಿಂದ ಓರೆಯಾಗಿ ಒಳಗೆ ಬೀಳುತ್ತಿತ್ತು. ವೇದಿಕೆ ಅಂತ ಏನೂ ಇರಲಿಲ್ಲ. ನೆಲಕ್ಕೆ ಜಮಖಾನೆ ಹಾಸಿ ಅದರ ಮೇಲೆ ಡ್ರಮ್ಮು ಇಟ್ಟಿದ್ದರು. ಹಾಡುವವಳು ನನ್ನಿಂದ ಒಂದು ಎತ್ತಿನ ಗಾಡಿಯ ಉದ್ದದಷ್ಟು ದೂರದಲ್ಲಿ ನಿಂತಿದ್ದಳು. ನಮ್ಮ ನಡುವೆ ಯಾರೂ ಇರಲಿಲ್ಲ.

ಇದನ್ನೆಲ್ಲ ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಆ ಸಂಜೆಯನ್ನು ಯಾರೂ ಮೊಬೈಲಿನಲ್ಲಿ ತೆಗೆಯಲಿಲ್ಲ. ತೆಗೆಯಬಾರದು ಅಂತ ಮೊದಲೇ ಮಾತಾಗಿತ್ತು. ಹಾಗಾಗಿ ಕಥೆ ತನ್ನಷ್ಟಕ್ಕೆ ತಾನು ಬೆಳೆದಿದೆ. ಗೋದಾಮಿನ ತಗಡು ಹಾರಿ ಹೊಲಕ್ಕೆ ಬಿತ್ತು ಅನ್ನುವವರಿದ್ದಾರೆ. ಆಂಬುಲೆನ್ಸ್ ಬಂದಿತ್ತು ಅನ್ನುವವರಿದ್ದಾರೆ. ಹೋದ ತಿಂಗಳು ಶಲವಡಿಯಲ್ಲಿ ಒಂದು ಮದುವೆ ಊಟಕ್ಕೆ ಕೂತಾಗ ಬಾಜು ಕೂತವನು, ಎರಿಮಣ್ಣು ಬ್ಯಾಂಡಿನ ಹುಡುಗಿ ಗುಡಗೇರಿಯಲ್ಲೇ ದನಿ ಕಳೆದುಕೊಂಡಳು ಅಂತ ನನಗೇ ಹೇಳಿದ. ನಾನು ಅಲ್ಲಿದ್ದೆ ಅಂದೆ. ಅವನು ನಂಬಲಿಲ್ಲ. ಮೊನ್ನೆ ಅಣ್ಣಿಗೇರಿಯ ರೈಲ್ವೆ ಗೇಟಿನಲ್ಲಿ ಒಣಮೆಣಸಿನಕಾಯಿ ಹೇರಿದ ಟೆಂಪೊ ಒಂದು ನಿಂತು, ಅದರ ಘಾಟು ಮೂಗಿಗೆ ಹೊಡೆದು, ಮೂರು ಸಲ ಸೀನಿ ಕಣ್ಣೊರೆಸಿಕೊಂಡಾಗ ಇದನ್ನು ಬರೆದಿಡಬೇಕು ಅನ್ನಿಸಿತು.

ನಾನು ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ರೈಲು ದಾಟುವಾಗ ಹಸಿರು ಬಾವುಟ ಹಿಡಿದು ಹೇಳಿದ ಜಾಗದಲ್ಲಿ ನಿಂತು, ಪ್ರತಿ ಡಬ್ಬಿಯನ್ನೂ ನೋಡಬೇಕು. ಏನಾದರೂ ಜೋತು ಬಿದ್ದಿದೆಯೆ, ಗಾಲಿ ಕಾದು ಹೊಗೆ ಬರುತ್ತಿದೆಯೆ ಅಂತ. ನೋಡಿದ್ದನ್ನು ನೋಡಿದಷ್ಟೇ ಹೇಳುವುದು ರೂಢಿಯಾಗಿದೆ. ಗುಡಗೇರಿಗೆ ನನ್ನನ್ನು ಹಾಕಿದ್ದು ಒಂದೇ ವರ್ಷ.

ನನ್ನ ಊರು ಕಲಘಟಗಿ ಕಡೆಯ ಬಮ್ಮಿಗಟ್ಟಿ. ನಮ್ಮಲ್ಲಿ ಭತ್ತ, ಗೋವಿನಜೋಳ. ಮೆಣಸಿನಕಾಯಿಯ ಊರು ಹೇಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಡಿಸೆಂಬರ್ ಮುಗಿಯುವ ಹೊತ್ತಿಗೆ ಗುಡಗೇರಿಯ ಅಂಗಳಗಳು ಕೆಂಪಾದವು. ಕಣದಲ್ಲಿ, ಮಾಳಿಗೆಯ ಮೇಲೆ, ರಸ್ತೆಯ ಅಂಚಿನಲ್ಲಿ ಎಲ್ಲೆಂದರಲ್ಲಿ ಹಣ್ಣು ಮೆಣಸಿನಕಾಯಿ ಒಣಗುತ್ತಿತ್ತು. ಬೆಳಗಿನ ಥಂಡಿಯಲ್ಲಿ ವಾಸನೆ ನೆಲಕ್ಕೆ ಅಂಟಿಕೊಂಡಿರುತ್ತಿತ್ತು. ಬಿಸಿಲೇರಿದಂತೆ ಎದ್ದು ಗಾಳಿಗೆ ಸೇರುತ್ತಿತ್ತು. ಮೊದಲ ಹದಿನೈದು ದಿನ ಬಾವುಟ ಹಿಡಿದ ಕೈಯಲ್ಲೇ ಮೂಗು ಒರೆಸಿಕೊಂಡೆ. ಊರಿನವರಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. "ಘಾಟ? ಎಲ್ಲೈತ್ರಿ ಘಾಟ?" ಅಂತ ನನ್ನನ್ನೇ ಕೇಳುತ್ತಿದ್ದರು. ಫೆಬ್ರುವರಿಯ ಹೊತ್ತಿಗೆ ನಾನೂ ಅವರಂತಾಗಿದ್ದೆ. ಮೂಗಿಗೆ ಏನೂ ಬರುತ್ತಿರಲಿಲ್ಲ. ಮುಂದೆ ಆದದ್ದಕ್ಕೆಲ್ಲ ಇದೇ ಮೂಲ.

ಆ ಊರಿನಲ್ಲಿ ನನಗೆ ಸಿಕ್ಕ ಮೊದಲ ಗೆಳೆಯ ಮಕ್ತುಮ್. ಟೆಂಪೊ ಅವನದೇ. ಗೋದಾಮಿನಿಂದ ಚೀಲ ತುಂಬಿಕೊಂಡು ಬ್ಯಾಡಗಿ ಮಾರ್ಕೆಟ್ಟಿಗೂ ಹುಬ್ಬಳ್ಳಿಗೂ ಓಡಾಡುತ್ತಿದ್ದ. ಡ್ರೈವರ್ ಸೀಟಿನ ಹಿಂದೆ ಅವನು ಕೂರಿಸಿದ್ದ ಸ್ಪೀಕರ್ ಎಷ್ಟು ದೊಡ್ಡದೆಂದರೆ ಕ್ಲೀನರ್ ಕೂರುವುದಕ್ಕೆ ಜಾಗ ಇರಲಿಲ್ಲ. ಅದರಲ್ಲಿ ಬಾರಿಸುತ್ತಿದ್ದದ್ದು ಒಂದೇ ಬ್ಯಾಂಡು: ಎರಿಮಣ್ಣು. ಹುಬ್ಬಳ್ಳಿ ಧಾರವಾಡದ ನಾಲ್ಕು ಜನ. ಅನುಸೂಯಾ ಅನ್ನುವ ಹುಡುಗಿ ಗಿಟಾರ್ ಹಿಡಿದು ಹಾಡುತ್ತಾಳೆ. ರಾಕ್ ಅಂದರೆ ಗದ್ದಲ ಅಂತ ನಾನು ತಿಳಿದಿದ್ದೆ. ಗದ್ದಲ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದರ ನಡುವೆ ಆ ದನಿ, ಒಣಗಿದ ಜೋಳದ ದಂಟು ಮುರಿದ ಹಾಗೆ, ನಮ್ಮ ಮನೆಗಳಲ್ಲಿ ಆಡುವ ಮಾತಿನಲ್ಲೇ ಹಾಡುತ್ತಿತ್ತು. ಒಂದು ವಾರ ಕೇಳಿದ ಮೇಲೆ ಮಕ್ತುಮ್ ಬರದ ದಿನ ನನಗೆ ಬೇಸರವಾಗತೊಡಗಿತು.

ನಮ್ಮಿಬ್ಬರಿಗೂ ಹೆಚ್ಚು ಪ್ರೀತಿ 'ತಗಡಿನ ಮಳಿ' ಅನ್ನುವ ಹಾಡಿನ ಮೇಲೆ. "ತಗಡಿನ ಮ್ಯಾಲಿನ ಮಳಿಯೇ, ತಡಿ, ನಾನೂ ಬರತೇನಿ" ಅಂತ ಮೆಲ್ಲಗೆ ಶುರುವಾಗುತ್ತದೆ. "ತಡಿ, ನಾನೂ ಬರತೇನಿ" ಅನ್ನುವುದು ಮತ್ತೆ ಮತ್ತೆ ಬರುತ್ತದೆ. ಆಮೇಲೆ ಒಂದು ಸಾಲು ಒಮ್ಮೆಗೇ ಮೇಲಕ್ಕೆ ಹೋಗುತ್ತದೆ: "ಮುಗಿಲ ಹರದ ಬೀಳಲಿ, ಬರತೇನಿ." ಒಂದೇ ಉಸಿರಿನಲ್ಲಿ, ಬಹಳ ಎತ್ತರದಲ್ಲಿ.

ಗೋದಾಮಿನ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಕೂಡುತ್ತಿದ್ದರು. ಅವರಿಗೆ ಹಿರಿಯಳು ಗಂಗವ್ವ. ಚೀಲ ತುಂಬುವ ತನಕ ಮಕ್ತುಮ್‌ನ ಟೆಂಪೊ ಅವರ ಮುಂದೆಯೇ ನಿಂತಿರುತ್ತಿತ್ತು, ಸ್ಪೀಕರ್ ನಡೆದೇ ಇರುತ್ತಿತ್ತು. ದಿನವೂ ಕೇಳಿ ಕೇಳಿ ಅವರಿಗೂ ಚೀಲ ಹೊರುವ ಹಮಾಲರಿಗೂ 'ತಗಡಿನ ಮಳಿ' ಬಾಯಿಪಾಠವಾಯಿತು. ಟೆಂಪೊ ಹೋದ ಮೇಲೂ ಹಾಡಿಕೊಳ್ಳುತ್ತಿದ್ದರು. ಆದರೆ ಭಜನೆಯ ಹಾಗೆ: ಗಂಗವ್ವ ಒಂದು ನುಡಿ ಹಿಡಿಯುವುದು, ಉಳಿದವರು ತಿರುಗಿ ಹೇಳುವುದು. ಆ ಎತ್ತರದ ಸಾಲಿಗೆ ಮಾತ್ರ ಯಾರ ದನಿಯೂ ಮುಟ್ಟುತ್ತಿರಲಿಲ್ಲ. ಅದಕ್ಕೇ ಅದನ್ನು ಬಿಟ್ಟುಬಿಡುತ್ತಿದ್ದರು. ಆ ಜಾಗದಲ್ಲಿ ನಾಲ್ಕು ಚಪ್ಪಾಳೆ ಹೊಡೆದು ಮುಂದಕ್ಕೆ ಹೋಗುತ್ತಿದ್ದರು. "ಆ ಸಾಲು ಎಲ್ಲಿ ಹೋತಬೇ?" ಅಂತ ಮಕ್ತುಮ್ ಒಮ್ಮೆ ಕೇಳಿದ್ದಕ್ಕೆ ಗಂಗವ್ವ, "ಅದು ನಮ್ಮ ಕೈಗೆ ಸಿಗೂದಲ್ಲೋ. ಅದರ ಜಾಗಾ ಹಂಗ ಇಟ್ಟೇವಿ, ಬಂದ್ರ ಕೂಡ್ಲಿ" ಅಂದಳು.

ಮಕ್ತುಮ್‌ಗೆ ಒಂದೇ ಹುಚ್ಚು, ಬ್ಯಾಂಡನ್ನು ಗುಡಗೇರಿಗೆ ಕರೆಸಬೇಕು. ಆ ಸುಗ್ಗಿಯುದ್ದಕ್ಕೂ ಅವರ ಪೇಜಿಗೆ ತನ್ನ ದನಿಯಲ್ಲಿ ಸಂದೇಶ ಕಳಿಸಿದ. ಊರಿನವರು ಅವನನ್ನು ಕಂಡಲ್ಲೆಲ್ಲ, "ಬಂತೇನಲೇ ನಿನ್ನ ಬ್ಯಾಂಡ?" ಅಂತ ಕಾಡುತ್ತಿದ್ದರು. ಫೆಬ್ರುವರಿಯ ಒಂದು ಮಧ್ಯಾಹ್ನ ಅವನು ಸ್ಟೇಷನ್ನಿಗೆ ಓಡಿಬಂದ. ಡ್ರಮ್ಮಿನ ಹುಡುಗ ಕಿರಣ್ ಫೋನು ಮಾಡಿದ್ದ. ಬರುತ್ತೇವೆ ಅಂದಿದ್ದ. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ್ದ. ಅದನ್ನು ಮಕ್ತುಮ್ ಬೆಂಚಿನ ಮೇಲೆ ಕೂತು, ದನಿ ತಗ್ಗಿಸಿ ನನಗೆ ಹೇಳಿದ.

"ಆಕಿ ಗಂಟಲದಾಗ ಗಂಟ ಆಗಿತ್ತಂತ ಈರಣ್ಣ. ಆಪರೇಶನ್ ಆಗೈತಿ. ಒಂದ ವರ್ಷ ಆತು, ಮಂದಿ ಮುಂದ ಬಾಯಿ ತೆರದಿಲ್ಲ. ದೊಡ್ಡ ಊರಾಗ ಬ್ಯಾಡ, ಸಣ್ಣ ಜಾಗದಾಗ ಒಮ್ಮೆ ನೋಡೂಣು ಅಂತಾರ. ದನಿ ತಡಕೊಂಡ್ರ ಬ್ಯಾಂಡ ಉಳೀತೈತಿ. ಇಲ್ಲಂದ್ರ ಇಲ್ಲಿಗೇ ಮುಗೀತು. ಯಾರೂ ಮೊಬೈಲ್ ಎತ್ತಬಾರದಂತ."

"ಊರಾಗ ಹೇಳಿಯೇನು?"

"ಮೊಬೈಲಿಂದು ಹೇಳೇನಿ. ಗಂಟಲದ್ದು ಹೇಳಿಲ್ಲ. ಹೇಳಿದ್ರ ಎಲ್ಲಾರೂ ಆಕಿ ಗಂಟಲಾನ ನೋಡ್ಕೋತ ಕುಂದರತಾರ."

ಜಾಗ ಕೇಳುವುದಕ್ಕೆ ಇಬ್ಬರೂ ಶಿವಲಿಂಗಪ್ಪ ಕಾಕಾ ಹತ್ತಿರ ಹೋದೆವು. ಊರಿನ ದೊಡ್ಡ ವ್ಯಾಪಾರಸ್ಥರು, ಎಂಬತ್ತರ ಆಸುಪಾಸು. ಸೋಮವಾರದ ಭಜನೆಗೆ ಪೇಟಿ ಅವರದೇ. ಹಾರ್ಮೋನಿಯಂ ಮುಂದೆ ಕೂತರೆ ಬೇರೆ ಯಾರೂ ಮಾತಾಡುವ ಹಾಗಿರಲಿಲ್ಲ.

"ಕಾಕಾ, ಮಾಲೆಲ್ಲ ಹೋಗಿ ಗೋದಾಮ ಖಾಲಿ ಆಗೈತಲ್ರಿ. ಒಂದ ಸಂಜಿ ಮಟ್ಟಿಗೆ ಕೊಡ್ರಿ" ಅಂದ ಮಕ್ತುಮ್.

"ಯಾತಕ್ಕಪಾ?"

"ಬ್ಯಾಂಡ ಬರತೈತ್ರಿ."

"ಮದವಿ ಯಾರ್ದಲೇ? ನಿನಗ ಆಗಲೇ ಮೂರ ಮಕ್ಕಳದಾವು."

"ಮದವಿ ಅಲ್ರಿ. ಆ ತಗಡಿನ ಹಾಡಿನವರು."

ಕಾಕಾ ಕನ್ನಡಕ ತೆಗೆದು ಅವನನ್ನು ನೋಡಿದರು. "ಅದಾ? ಸುಗ್ಗಿತುಂಬ ಅದನ್ನ ಕೇಳಿ ನನ್ನ ಕಿವಿ ತೂತ ಬಿದ್ದಾವು. ಬರಲಿ. ಯಾರ್ ಅಂತ ಮಾರೀನರ ನೋಡೂಣು." ಒಂದೇ ಷರತ್ತು ಹಾಕಿದರು. ರಸ್ತೆಯಾಚೆ ಹೈಸ್ಕೂಲು ಹುಡುಗರು ಪರೀಕ್ಷೆಗೆ ಓದುತ್ತಿದ್ದರು. ಆ ಕಡೆಯ ಶಟರ್ ಮುಚ್ಚಿರಬೇಕು.

ಆ ರವಿವಾರ ಬೆಳಿಗ್ಗೆ ಗೋದಾಮನ್ನು ಹಮಾಲರು ಎರಡೆರಡು ಸಲ ಗುಡಿಸಿದರು. ನೀರು ಹೊಡೆದು ನೆಲ ತೊಳೆದರು. ಗೋಡೆಗೆ ಬಟ್ಟೆ ಆಡಿಸಿದರು. ಒಳಗೆ ಕಾಲಿಟ್ಟು ನಾನೂ ಮೂಗೆಳೆದು ನೋಡಿದೆ, ಏನೂ ಇರಲಿಲ್ಲ. ಮೇಲೆ ಯಾರೂ ನೋಡಲಿಲ್ಲ. ತಗಡಿನ ಮಡಿಕೆಗಳಲ್ಲಿ, ಕಬ್ಬಿಣದ ತೊಲೆಗಳ ಮೇಲೆ, ಎಷ್ಟೋ ಸುಗ್ಗಿಗಳ ಮೆಣಸಿನಪುಡಿ ಬೆರಳು ದಪ್ಪ ಕೂತಿತ್ತು. ಆ ಗೋದಾಮಿನಲ್ಲಿ ದಿನವೂ ಕೆಲಸ ಮಾಡುವವರಿಗೆ ಅದು ಗೋಡೆಯಷ್ಟೇ ಸಹಜ. ಬೇರೆ ಊರಿನ ಯಾರೇ ಆಗಿದ್ದರೂ ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ಬ್ಯಾಂಡಿನ ನಾಲ್ವರೂ ಮುಚ್ಚಿಕೊಂಡಿದ್ದರೋ ಏನೋ. ಹಾರ, ಶಾಲು, ಚಹಾದ ಗಡಿಬಿಡಿಯಲ್ಲಿ ಯಾರಿಗೂ ಕಾಣಲಿಲ್ಲ.

ಮೊದಲ ಎರಡು ಹಾಡು ನಿಧಾನದವು. ಗಿಟಾರ್ ಇಬ್ಬರದು, ಡ್ರಮ್ಮು ಕಿರಣ್‌ನದು, ಅದೂ ಮೆಲ್ಲಗೆ. ಅನುಸೂಯಾಳ ದನಿ ಟೆಂಪೊದ ಸ್ಪೀಕರಿನಲ್ಲಿ ಕೇಳಿದ್ದಕ್ಕಿಂತ ಸಣ್ಣದಾಗಿತ್ತು, ಆದರೆ ಅದೇ ದನಿ. ಮಕ್ತುಮ್ ನನ್ನ ಬಾಜು ನಿಂತು ನನ್ನ ಮೊಣಕೈ ಹಿಡಿದಿದ್ದ. ಅವಳು ಪ್ರತಿ ಸಾಲು ಮುಗಿಸಿದಾಗಲೂ ಅವನ ಹಿಡಿತ ಸಡಿಲಾಗುವುದು ನನಗೆ ತಿಳಿಯುತ್ತಿತ್ತು. ಮೂರನೆಯದು 'ತಗಡಿನ ಮಳಿ'. ಹೆಂಗಸರು ಗುರುತು ಹಿಡಿದು ಓ ಅಂದರು. ಆಗ ಡ್ರಮ್ಮು, ಬೇಸ್ ಗಿಟಾರು ಎರಡೂ ಪೂರ್ತಿ ಬಲದಿಂದ ಎದ್ದವು. ನಾನು ಒರಗಿದ್ದ ಕಂಬ ನಡುಗಿತು. ಗೂಡ್ಸ್ ಗಾಡಿ ದಾಟುವಾಗ ಸ್ಟೇಷನ್ನಿನ ಬೆಂಚು ನಡುಗುವ ಹಾಗೆ.

ಮೇಲಿಂದ ಕೆಂಪು ಬೆಳಕು ಇಳಿಯಿತು. ನಿಜವಾಗಿ ನನಗೆ ಹಾಗೇ ಕಂಡಿತು. ಕಿಂಡಿಯ ಬಿಸಿಲಿನಲ್ಲಿ ಕೆಂಪು ಪರದೆಯೊಂದು ಮೆಲ್ಲಗೆ ಕೆಳಗೆ ಬರುತ್ತಿತ್ತು. ಬ್ಯಾಂಡಿನವರು ಲೈಟು ಹಾಕಿದ್ದಾರೆ ಅಂದುಕೊಂಡೆ. ನಮ್ಮವರೂ ಹಾಗೇ ತಿಳಿದು ಚಪ್ಪಾಳೆ ತಟ್ಟಿದರು. ಅನುಸೂಯಾ ಕಣ್ಣು ಮುಚ್ಚಿದ್ದಳು. ಆ ಎತ್ತರದ ಸಾಲಿಗೆಂದು ಎದೆ ತುಂಬ ಉಸಿರು ಎಳೆದುಕೊಂಡಳು. ಆ ಉಸಿರಿನ ಜೊತೆ ಪುಡಿ ಒಳಗೆ ಹೋಯಿತು.

"ಮುಗಿಲ" ಅನ್ನುವಷ್ಟು ಬಂತು. ಆಮೇಲೆ ಬಂದದ್ದು ದನಿಯಲ್ಲ. ಅವಳು ಮಂಡಿಯೂರಿದಳು. ಗಿಟಾರ್ ನೆಲಕ್ಕೆ ತಾಗಿ ಸ್ಪೀಕರಿನಲ್ಲಿ ಕಿರ್ರೆಂದಿತು. ಎರಡೂ ಕೈ ಗಂಟಲಿಗೆ ಹೋದವು. ಕಿರಣ್ ಡ್ರಮ್ಮು ದಾಟಿಕೊಂಡು ಬಂದ, ಅವನಿಗೂ ಕೆಮ್ಮು. ಯಾರೋ ಜೋರಾಗಿ ಸೀನಿದರು, ಆಮೇಲೆ ಇಡೀ ಗೋದಾಮೇ ಸೀನತೊಡಗಿತು. ಅಂಗಳದ ಕಡೆಯ ಶಟರನ್ನು ಹಮಾಲರು ಪೂರ್ತಿ ಎತ್ತಿದರು. ಎಲ್ಲರೂ ಹೊರಗೆ ಬಂದೆವು. ಯಾರಿಗೂ ಏಟಾಗಲಿಲ್ಲ, ತಗಡು ಒಂದೂ ಅಲುಗಿ ಬೀಳಲಿಲ್ಲ. ಆಂಬುಲೆನ್ಸ್ ಬರಲಿಲ್ಲ.

ಅಂಗಳದ ತೂಕದ ಕಟ್ಟೆಯ ಮೇಲೆ ಅವಳನ್ನು ಕೂರಿಸಿದರು. ಕಣ್ಣು, ಮೂಗು ಕೆಂಪಾಗಿದ್ದವು. ಗಂಗವ್ವ ತನ್ನ ಸೆರಗನ್ನು ಒದ್ದೆ ಮಾಡಿ ಮುಖ ಒರೆಸಿ, ತಂಬಿಗೆಯಲ್ಲಿ ಮಜ್ಜಿಗೆ ಹಿಡಿದಳು. "ನೀರ ಬ್ಯಾಡ ಯವ್ವ, ಉರಿ ಹೆಚ್ಚಾಗತೈತಿ. ಇದನ್ನ ಗುಟಕ ಗುಟಕ ಕುಡಿ. ಮಾತಾಡಬ್ಯಾಡ." ಅವಳು ಕುಡಿದಳು. ಒಂದು ಕೈ ಗಂಟಲ ಮೇಲೆಯೇ ಇತ್ತು.

ಕಿರಣ್ ಮಕ್ತುಮ್ ಕಡೆಗೆ ಬಂದು, ಸಿಟ್ಟಿಲ್ಲದೆ, "ಮುಗೀತಣ್ಣ. ವೈರ್ ಸುತ್ತತೇವಿ" ಅಂದ. ಮಕ್ತುಮ್ ಟೆಂಪೊದ ಮೆಟ್ಟಿಲ ಮೇಲೆ ಕುಸಿದು ಕೂತ. ಹಮಾಲರಲ್ಲೊಬ್ಬ ನಗಿಸುವುದಕ್ಕೆಂದೇ, "ಏನಲೇ ಮಕ್ತುಮಾ, ನಿನ್ನ ಬ್ಯಾಂಡ ಬರೇ ಸೀನತೈತೇನು?" ಅಂದ. ಗಂಗವ್ವ ತಿರುಗಿ, "ಬಾಯಿ ಮುಚ್ಚಲೇ ಭಾಡ್ಯಾ" ಅಂದಳು. ಅವನು ಮುಚ್ಚಿದ.

ಜನ ಮನೆಗೆ ಹೋಗಲಿಲ್ಲ. ಬಂದ ಪಾವಣೇರು, ಅಂದರೆ ಅತಿಥಿಗಳು, ಉಂಡು ಏಳುವ ತನಕ ಊರಿನವರು ಏಳುವ ಪದ್ಧತಿ ಅಲ್ಲಿಲ್ಲ. ಮಿರ್ಚಿ ಭಜಿ, ಮಂಡಕ್ಕಿಯ ಗಿರಮಿಟ್ ಆಗಲೇ ತಯಾರಾಗಿತ್ತು. ತಟ್ಟೆ ಹಿಡಿದು ಬಂದವನನ್ನು ಕಾಕಾ ದೂರದಿಂದಲೇ ತಡೆದರು. "ಮಿರ್ಚಿ ತರಬ್ಯಾಡಲೇ. ಆಕಿ ಮುಂದ ಮೆಣಸಿನಕಾಯಿ ಹಿಡಿತಿಯೇನು? ಗಿರಮಿಟ್ ಅಷ್ಟ ತಾ." ಅನುಸೂಯಾಳ ತುಟಿ ಸ್ವಲ್ಪ ಅಲುಗಿತು. ನಗುವೇ ಇರಬೇಕು.

ಹಾಗೆ ಎಲ್ಲರೂ ಸುಮ್ಮನೆ ಕೂತಿದ್ದು ಕಾಕಾರಿಗೆ ಸರಿ ಬರಲಿಲ್ಲ. ಗುಡಿಯಿಂದ ಪೇಟಿ ತರಿಸಿದರು. "ಮಂದಿ ಕೂಡಿ ಮೂಕಾಗಿ ಕುಂದರೂದು ಛಲೋ ಅಲ್ಲ" ಅಂತ ಅಂಗಳದ ಕಣದ ಮೇಲೆ ಕೂತು, ಎರಡು ಭಜನೆ ಹೇಳಿದರು. ಬಿಸಿಲು ಕೆಂಪಾಗುತ್ತಿತ್ತು. ಮೂರನೆಯದಕ್ಕೆ ಯಾವುದು ಅಂತ ಯೋಚಿಸುವಾಗ ಗಂಗವ್ವ, "ಆ ತಗಡಿಂದ ಹಿಡೀರಿ ಕಾಕಾ" ಅಂದಳು.

"ಹಾಡಿದವಳ ಮುಂದ ಅದನ್ನ ಹಾಡೂದೇನಬೇ?"

"ಹಾಡಿದವರ ಮುಂದ ಅಲ್ಲದ ಇನ್ಯಾರ ಮುಂದ ಹಾಡೂದ್ರಿ?"

ಕಾಕಾ ಪೇಟಿಯ ಮೇಲೆ ಬೆರಳಾಡಿಸಿ ತಮ್ಮ ದನಿಗೆ ಹೊಂದುವ ಶ್ರುತಿಯ ಮನೆ ಹುಡುಕಿದರು. ಅದು ಅವಳ ಹಾಡಿಗಿಂತ ಎಷ್ಟೋ ಕೆಳಗಿತ್ತು. ನಡಿಗೆಯೂ ನಿಧಾನ, ನಮ್ಮ ಭಜನೆಯ ನಡಿಗೆ. "ತಗಡಿನ ಮ್ಯಾಲಿನ ಮಳಿಯೇ" ಅಂತ ಅವರು ಎತ್ತಿದರು. "ತಡಿ, ನಾನೂ ಬರತೇನಿ" ಅಂತ ಹೆಂಗಸರೂ ಹಮಾಲರೂ ತಿರುಗಿ ಹೇಳಿದರು. ಅನುಸೂಯಾ ತಲೆ ಎತ್ತಿದಳು. ಈ ಜನಕ್ಕೆ ತನ್ನ ಹಾಡು ಬಾಯಿಗೆ ಬರುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ. ವೈರು ಸುತ್ತುತ್ತಿದ್ದ ಕಿರಣ್‌ನ ಕೈ ನಿಂತಿತು. ನಾಲ್ಕೈದು ಸಲ ತಿರುಗಿ ಬಂದ ಮೇಲೆ ಆ ಜಾಗ ಬಂತು. ಪೇಟಿ ನಿಂತಿತು. ಎಲ್ಲರೂ ಚಪ್ಪಾಳೆ ಹೊಡೆದರು. ಒಂದು, ಎರಡು, ಮೂರು, ನಾಲ್ಕು. ಮತ್ತೆ ನುಡಿಗೆ ಹೋದರು.

ಎರಡನೆಯ ಸುತ್ತಿನಲ್ಲೂ ಹಾಗೇ ಆಯಿತು. ಅನುಸೂಯಾ ಕಿರಣ್‌ನನ್ನು ನೋಡಿದಳು. ಆ ಸಾಲು ಎಲ್ಲಿ ಅಂತ ಕೇಳುವ ಹಾಗೆ. ಮೂರನೆಯ ಸಲ ಚಪ್ಪಾಳೆ ಬಿದ್ದಾಗ, ನಾಲ್ಕನೆಯದರ ಬೆನ್ನಿಗೇ, ಅವಳ ಬಾಯಿ ತೆರೆಯಿತು.

"ಮುಗಿಲ ಹರದ ಬೀಳಲಿ, ಬರತೇನಿ."

ಎತ್ತರದಲ್ಲಲ್ಲ. ಕಾಕಾ ಹಿಡಿದ ಮನೆಯಲ್ಲಿ, ಕೆಳಗೆ, ಮಾತಿಗಿಂತ ತುಸುವೇ ಮೇಲೆ. ದನಿ ಒರಟಾಗಿತ್ತು, ನಡುವೆ ಒಮ್ಮೆ ಸವೆಯಿತು, ಆದರೆ ಕಡಿದುಹೋಗಲಿಲ್ಲ. ಕೊನೆಯ ತನಕ ನಿಂತಿತು. ನಾನು ಆಗ ಟೆಂಪೊದ ಮುಂದಿನ ಗಾಲಿಯ ಹತ್ತಿರ ಇದ್ದೆ. ಸಾಲು ಮುಗಿಯುವಾಗ ಅವಳ ಕೈ ಗಂಟಲಿನಿಂದ ಇಳಿದು ತೊಡೆಯ ಮೇಲೆ ಬಂದು ಕೂತದ್ದನ್ನು ನೋಡಿದೆ. ಅದಷ್ಟನ್ನು ನಾನು ಖಂಡಿತವಾಗಿ ಹೇಳುತ್ತೇನೆ.

ಕಾಕಾ ಪೇಟಿಯ ತಿದಿ ಒತ್ತುತ್ತಲೇ ಇದ್ದರು. ಆಮೇಲೆ ನಾಟಕ ನೋಡುವಾಗ ಕೂಗುವ ಹಾಗೆ, ಮುದಿದನಿಯಲ್ಲಿ, "ಒನ್ಸ್ ಮೋರ್" ಅಂದರು. ಅಂಗಳವೆಲ್ಲ ನಕ್ಕಿತು. ಅನುಸೂಯಾ ಮೊದಲ ಸಲ ಮಾತಾಡಿದಳು. "ಇನ್ನೂ ಒಂದ ಮನಿ ಇಳಸ್ರಿ ಅಜ್ಜಾರ."

"ಇಳಸೂಣು ತಂಗಿ. ಪೇಟ್ಯಾಗ ಮನಿ ಬೇಕಾದಷ್ಟದಾವು."

ಕಿರಣ್ ಡ್ರಮ್ಮನ್ನು ಕಣಕ್ಕೆ ಹೊತ್ತು ತಂದ. ಹಮಾಲರು ಸ್ಪೀಕರ್ ಹೊತ್ತರು, ಒರೆಸಿ ಒರೆಸಿ ಇಟ್ಟರು. ಗಾಳಿ ಪಡುವಣದಿಂದ ಬೀಸುತ್ತಿತ್ತು. ಪುಡಿ ಹೊಲದ ಕಡೆಗೆ ಹೋಯಿತು. ಆ ಹಾಡನ್ನು ಮತ್ತೆ ನುಡಿಸಿದರು, ಈ ಸಲ ಡ್ರಮ್ಮು ಗಿಟಾರಿನ ಜೊತೆಗೆ, ಆದರೆ ಕಾಕಾ ಅವರ ನಡಿಗೆಯಲ್ಲಿ. ಆ ಜಾಗ ಬಂದಾಗ ಬ್ಯಾಂಡಿನವರೂ ಕೈ ನಿಲ್ಲಿಸಿದರು. ಊರು ನಾಲ್ಕು ಚಪ್ಪಾಳೆ ಹೊಡೆಯಿತು. ಆಮೇಲೆ ಅವಳು. ಕತ್ತಲಾಗುವುದರೊಳಗೆ ಇನ್ನೂ ನಾಲ್ಕು ಹಾಡು ಹಾಡಿದಳು, ಎಲ್ಲವನ್ನೂ ಇಳಿಸಿಕೊಂಡು. ಮಕ್ತುಮ್ ಎದ್ದು ಬಂದು ಮತ್ತೆ ನನ್ನ ಮೊಣಕೈ ಹಿಡಿದ. ಬಹಳ ಹೊತ್ತು ಬಿಡಲಿಲ್ಲ. "ಘಾಟ ಐತಲೋ ಈರಣ್ಣ, ಕಣ್ಣಾಗ ನೀರ ಬರತೈತಿ" ಅಂದ. ಘಾಟು ಆಗಲೇ ಹೋಗಿತ್ತು.

ಆ ಮಳೆಗಾಲ ಶುರುವಾದಾಗ ನನಗೆ ಅಣ್ಣಿಗೇರಿಗೆ ವರ್ಗವಾಯಿತು. ಮುಂದಿನ ವರ್ಷ ಎರಿಮಣ್ಣು ಹೊಸದಾಗಿ ರೆಕಾರ್ಡ್ ಮಾಡಿದ 'ತಗಡಿನ ಮಳಿ' ಮೊಬೈಲಿಗೆ ಬಂತು. ಹಾಡು ಮೊದಲಿಗಿಂತ ಕೆಳಗಿದೆ, ನಿಧಾನವಾಗಿದೆ. ಆ ಸಾಲಿಗೆ ಮುಂಚೆ ಎಲ್ಲವೂ ನಿಂತು ನಾಲ್ಕು ಚಪ್ಪಾಳೆ ಬೀಳುತ್ತವೆ. ಅಣ್ಣಿಗೇರಿಯಲ್ಲಿ ರೈಲಿಗೆ ಕಾಯುವಾಗ ಎಷ್ಟೋ ಸಲ ಕೇಳಿದ್ದೇನೆ. ಒಂದೊಂದು ಸಲ ಬಾವುಟವನ್ನು ಕಂಕುಳಲ್ಲಿ ಇಟ್ಟುಕೊಂಡು ನಾನೂ ಹೊಡೆಯುತ್ತೇನೆ.

ಶಿವಲಿಂಗಪ್ಪ ಕಾಕಾ ಹೋದ ವರ್ಷ ತೀರಿಕೊಂಡರು. ಪೇಟಿ ಗುಡಿಯಲ್ಲಿದೆ. ಉಳಿದವರೆಲ್ಲ ಇದ್ದಾರೆ, ನನ್ನ ಮಾತು ನಂಬದವರು ಹೋಗಿ ಕೇಳಬಹುದು. ಮಕ್ತುಮ್ ಗುಡಗೇರಿಯಲ್ಲೇ ಇದ್ದಾನೆ. ಟೆಂಪೊ ಬದಲಾಗಿದೆ, ಸ್ಪೀಕರ್ ಅದೇ. ಗಂಗವ್ವ ಇದ್ದಾಳೆ, ಸುಗ್ಗಿಯಲ್ಲಿ ಅದೇ ಅಂಗಳದಲ್ಲಿ ಸಿಗುತ್ತಾಳೆ. ಅವಳ ಜೊತೆ ಕೂಡುವ ಹೆಂಗಸರು, ಶಟರ್ ಎತ್ತಿದ ಹಮಾಲರು ಇದ್ದಾರೆ. ಕಿರಣ್ ಹುಬ್ಬಳ್ಳಿಯಲ್ಲಿದ್ದಾನೆ. ಅನುಸೂಯಾ ಇದ್ದಾಳೆ. ಹಾಡುತ್ತಾಳೆ.